ಹದಿನೇಳು, ಇಪ್ಪತ್ತೆರಡು

ಬೆಳಗಿನ ನಾಲ್ಕೂವರೆ. ಸೋಹಾರಿನ ಬಂದರಿನಲ್ಲಿ
ಗಾಳಿ ಹಿಂಡದ ಪಂಚೆಯಂತೆ ಮೈಗೆ ಸುತ್ತಿಕೊಳ್ಳುತ್ತದೆ.
ಕಂಟೇನರಿನ ನನ್ನ ಕ್ಲಿನಿಕ್ಕಿನ ಬಾಗಿಲಿಗೆ ಸಾಲು.
ಒಬ್ಬೊಬ್ಬರೇ ಬಂದು ಕೈ ಮೇಲೆತ್ತುತ್ತಾರೆ,
ಸೋತು ಶರಣಾದವರ ಹಾಗೆ.
ಸ್ಪಿರಿಟ್ ಒರೆಸಿ, ಹತ್ತು ಎಣಿಸಿ, ಕಂಕುಳ ಕೆಳಗೆ
ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ
ಪಟ್ಟಿ ಅಂಟಿಸುತ್ತೇನೆ.

ಬಗ್ಗಿದರೆ ಬಗ್ಗುತ್ತದೆ. ಉಸಿರಿಗೆ ಉಬ್ಬುತ್ತದೆ.
ಡಿಗ್ರಿಯ ಹತ್ತರಲ್ಲೊಂದು ಪಾಲೂ ತಪ್ಪುವುದಿಲ್ಲ
ಎಂದಿದ್ದರು ಕಂಪನಿಯವರು.
ತಪ್ಪುತ್ತಿತ್ತು, ಮೊದಲ ವಾರ.
ಒಂದು ಮಧ್ಯಾಹ್ನ ಪರದೆಯಲ್ಲಿ ನಲವತ್ತಾರು,
ಬದುಕಿರುವವರಿಗೆ ಇರಬಾರದ ಅಂಕಿ.
ಸ್ಟ್ರೆಚರ್ ಹೊರಿಸಿಕೊಂಡು ಓಡಿದರೆ
ಟೇಕ್ ಬಹಾದ್ದೂರ್ ನೆರಳಲ್ಲಿ ಕೂತು
ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ.
ಬೆವರಿಗೆ ಅಂಟು ಬಿಟ್ಟ ಪಟ್ಟಿ, ಅಂಗಿಯ ಹೊರಗೆ ನೇತಾಡುತ್ತ,
ಒಮಾನಿನ ಜ್ವರ ನೋಡುತ್ತಿತ್ತು.

ಆಮೇಲೆ ಅಂಟು ಬದಲಾಯಿತು.
ನಾಲಗೆಯಡಿಯ ಥರ್ಮಾಮೀಟರಿಗೂ ಪಟ್ಟಿಗೂ ರಾಜಿಯಾಯಿತು.
ಮೂವತ್ತೆಂಟೂವರೆ ಮುಟ್ಟಿದರೆ ಗೆರೆ ಕೆಂಪು.
ಗೆರೆ ಕೆಂಪಾದವನು ಕೆಲಸ ಬಿಟ್ಟು ನೆರಳಿಗೆ ಬರಬೇಕು.
ನೆರಳಲ್ಲಿ ಕೂತ ಹೊತ್ತಿಗೆ ಸಂಬಳವಿಲ್ಲ.
(ಈ ಕೊನೆಯ ಮಾತು ಪಟ್ಟಿಯ ಕೈಪಿಡಿಯಲ್ಲಿರಲಿಲ್ಲ.)

ನಲವತ್ತು ಜನ, ನಲವತ್ತು ಗೆರೆ.
ಈಗ ನನಗೆ ಹೆಸರು ಬೇಡ, ನಡಿಗೆ ಸಾಕು.
ಒಂಬತ್ತಕ್ಕೇ ಜಿಗಿಯುವುದು ಪೋಚಯ್ಯ,
ತಿಂಡಿ ಬಿಟ್ಟು ಬರುವವನು.
ಮೆಟ್ಟಿಲಂತೆ ಏರುವುದು ಕ್ರೇನಿನ ಇಲಿಯಾಸ್.

ಜುಲೈ ತಿಂಗಳ ಒಂದು ಬುಧವಾರ ನೋಡುತ್ತೇನೆ,
ಹದಿನೇಳೂ ಇಪ್ಪತ್ತೆರಡೂ
ಕೈ ಕೈ ಹಿಡಿದು ಹೊರಟಿವೆ.
ಒಂದು ಇಳಿದಲ್ಲಿ ಇನ್ನೊಂದು, ಒಂದು ತಿರುಗಿದಲ್ಲಿ ಇನ್ನೊಂದು,
ಒಂದೇ ಬಸಿರಿನ ಅವಳಿಗಳು.
ಇಪ್ಪತ್ತೆರಡು ಸ್ಟೋರಿನ ಯಾಕೂಬ್,
ಏಸಿಯಲ್ಲಿ ಕೂತು ಬೋಲ್ಟು ಎಣಿಸುವ ಹುಡುಗ.
ಹದಿನೇಳು ಇಂಡಿ ತಾಲೂಕಿನ ಮೈಬೂಬ ನದಾಫ,
ತೈಲದ ಟ್ಯಾಂಕಿನ ಹೊಟ್ಟೆಯೊಳಗೆ ವೆಲ್ಡಿಂಗ್.
ಮೂವತ್ತಾರು ಏಳು. ಮೂವತ್ತಾರು ಎಂಟು.
ಬೆಂಕಿ ಹಿಡಿದು ಕೂತವನ ಮೈ
ಮಡಕೆಯ ನೀರಿನಷ್ಟು ತಣ್ಣಗೆ!

ಯಾಕೂಬನ ಅಂಗಿ ಎತ್ತಿಸಿದೆ.
ಎಡಕ್ಕೊಂದು, ಬಲಕ್ಕೊಂದು.
'ದಿನಕ್ಕೆ ಇನ್ನೂರು ಬೈಸಾ ಕೊಡ್ತಾನೆ' ಎಂದ, ನೆಲ ನೋಡುತ್ತ.
ಇಪ್ಪತ್ತು ವರ್ಷದ ನರ್ಸಿಂಗಿನಲ್ಲಿ
ಮನೆ, ಮಂಚ, ಹಾಸಿಗೆಯ ಬಾಡಿಗೆ ಗೊತ್ತಿತ್ತು.
ಮೈಬಿಸಿಯ ಬಾಡಿಗೆ ಕೇಳಿದ್ದು ಅಂದೇ.

ಮೈಬೂಬ ಟ್ಯಾಂಕಿನ ತೂತಿನಿಂದ ಹೊರಬಂದ,
ಮೊದಲು ಮುಖವಾಡ, ಹಿಂದೆ ಹಬೆ, ಆಮೇಲೆ ಅವನು.
ಬಾಯಿಗೆ ಥರ್ಮಾಮೀಟರ್ ಇಟ್ಟೆ. ಮೂವತ್ತೆಂಟು ಒಂಬತ್ತು.
ತೆಗೆದ ಕೂಡಲೇ ಅಂದ:
'ಬೇಯೂತನಕಾ ತಾಳಿದಾಂವಗ ಆರೂತನಕಾ ತಾಳಾಕ ಆಗೂದಿಲ್ಲೇನ್ರಿ ಸಿಸ್ಟರ್?
ಏಜೆಂಟಂದು ಇನ್ನ ಹನ್ನೊಂದ ತಿಂಗಳ ಐತಿ.'
ಗಾದೆಯಲ್ಲಿ ಬೇಯುವುದು ಅನ್ನ ಕಣಪ್ಪ,
ಎನ್ನಬೇಕೆಂದುಕೊಂಡೆ.
ಅವನ ತುಟಿಯ ಮೇಲೆ ಉಪ್ಪು ಬಿಳಿಗಟ್ಟಿತ್ತು.
ಒದ್ದೆ ಬಟ್ಟೆ ಹೊದಿಸಿ, ಫ್ಯಾನ್ ತಿರುಗಿಸಿ,
ಅವನ ಪಟ್ಟಿಯನ್ನು ಅವನಿಗೇ ಅಂಟಿಸಿ ಕೂತೆ.
ಗೆರೆ ಇಳಿಯಲು ಮನಸ್ಸಿಲ್ಲದ ಮಗುವಿನಂತೆ
ಒಂದೊಂದೇ ದಶಾಂಶ ಇಳಿಯಿತು.

ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮು ಖಾಲಿ ಕಾಯುತ್ತಿತ್ತು.
ಬರೆದೆ: ಪಟ್ಟಿ ಹದಿನೇಳು ದೋಷಪೂರಿತ.
ಪರೀಕ್ಷೆಗಾಗಿ ಕಾರ್ಮಿಕನನ್ನು ಕರೆಸಲಾಗಿದೆ.
ಒಂದು ಗಂಟೆ ನಲವತ್ತು ನಿಮಿಷ, ಕೆಲಸದ ಲೆಕ್ಕಕ್ಕೆ.
ದಶಾಂಶ ತಪ್ಪದೆ ಬರೆಯುವ ಕೈ
ಸ್ವಲ್ಪವೂ ನಡುಗಲಿಲ್ಲ.

ಗುರುವಾರ ಪೋಚಯ್ಯನ ಪಟ್ಟಿ ಕೆಟ್ಟಿತು.
ಶನಿವಾರ ಇನ್ನೂ ಆರು.
ಭಾನುವಾರ ಕಂಪನಿಗೆ ಪತ್ರ ಹಾಕಿದ್ದೇನೆ:
ಮಾನ್ಯರೇ, ಸೋಹಾರಿನ ಬಿಸಿಲಿಗೆ
ನಿಮ್ಮ ಅಂಟು ಇನ್ನೂ ಸಾಲದು.